ಬಪ್ಪುಕೆ ಗಾಳಿ ಇತ್ತಾ?

ನಮ್ಮ ಹಾಯಿದೋಣಿಯ ಲಾಗ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ಸಾಲಿದೆ: ‘ಈ ಬೇಸಿಗೆ ಸೇಂಟ್ ಮೈಕಲ್ಸ್, ಒಂದೇ ದಿನದಲ್ಲಿ.’ ದೋಣಿ ಕೊಂಡ ವಾರವೇ ನಾನು ಬರೆದ ಸಾಲು ಅದು. ಅದರಲ್ಲಿ ಊರಿದೆ, ದಿನವಿದೆ. ಗಾಳಿಯ ಮಾತಿಲ್ಲ, ಗಂಟೆಯ ಮಾತಿಲ್ಲ, ಜತೆಗೆ ಬರುವವರು ಯಾರೆಂಬ ಮಾತೂ ಇಲ್ಲ. ಆಮೇಲಿನ ಐದು ಬೇಸಿಗೆಗಳಲ್ಲಿ ನಾನು ಕಲಿತದ್ದೆಲ್ಲ ಆ ಸಾಲು ಬಿಟ್ಟುಹೋದ ಸಂಗತಿಗಳನ್ನೇ.

ನಾನು ಹುಟ್ಟಿ ಬೆಳೆದದ್ದು ಗಂಗೊಳ್ಳಿಯಲ್ಲಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುವ ಊರು. ಅಜ್ಜಯ್ಯ ಮಂಜಿಯೆಂಬ ಸರಕಿನ ಹಾಯಿಹಡಗನ್ನು ನಡೆಸುವ ತಾಂಡೇಲರಾಗಿದ್ದರು. ಮಂಗಳೂರು ಹೆಂಚು ಹೇರಿಕೊಂಡು ಹಾಯಿ ಬಿಚ್ಚಿ ಹೋಗುತ್ತಿದ್ದವರು. ಅಪ್ಪಯ್ಯ ಹುಡುಗನಾಗಿದ್ದಾಗ ಒಂದೆರಡು ಹಂಗಾಮು ಅವರ ಜತೆಗೆ ಹೋಗಿದ್ದರಂತೆ. ಹೆಣ್ಣುಮಕ್ಕಳನ್ನು ಯಾರೂ ದೋಣಿ ಹತ್ತಿಸುತ್ತಿರಲಿಲ್ಲ. ಹಾಗಾಗಿ ಹಾಯಿಯ ಹಗ್ಗ ಮೊದಲ ಸಲ ನನ್ನ ಕೈಗೆ ಬಂದದ್ದು ನಲವತ್ತು ದಾಟಿದ ಮೇಲೆ, ಅಮೆರಿಕದ ಮೇರಿಲ್ಯಾಂಡಿನಲ್ಲಿ, ಚೆಸಪೀಕ್ ಕೊಲ್ಲಿಯ ದಡದ ಅನಾಪೊಲಿಸ್ ಊರಿನಲ್ಲಿ.

ನಮ್ಮದು ಕ್ಯಾಟಲಿನಾ 22 ಎಂಬ ಮಾದರಿಯ ಹಳೆಯ ದೋಣಿ. ಉದ್ದ ಇಪ್ಪತ್ತೊಂದೂವರೆ ಅಡಿ. 1969ರಿಂದ ಈಚೆಗೆ ಈ ಜಾತಿಯ ದೋಣಿಗಳು ಹದಿನೈದು ಸಾವಿರಕ್ಕೂ ಮಿಕ್ಕಿ ತಯಾರಾಗಿವೆ; ಆದ್ದರಿಂದ ಸೆಕೆಂಡ್‌ಹ್ಯಾಂಡ್ ಸುಲಭವಾಗಿ ಸಿಗುತ್ತದೆ. ಅಡಿಯ ಕೀಲನ್ನು ಮೇಲೆತ್ತಿದರೆ ಎರಡಡಿ ನೀರಿನಲ್ಲೂ ತೇಲುತ್ತದೆ. ಒಳಗೆ ಮೂವರು ಮೈ ಚಾಚಲು ಜಾಗ, ಹಿಂದೆ ಒಂದು ಸಣ್ಣ ಔಟ್‌ಬೋರ್ಡ್ ಎಂಜಿನ್. ಅದಕ್ಕೆ ‘ಸೌಪರ್ಣಿಕಾ’ ಎಂದು ಹೆಸರಿಟ್ಟೆವು.

ದೂರದ ಗುರಿ ಯಾಕೆ ಬೇಕು ಎಂದು ಕೇಳಬಹುದು. ಮರೀನಾದಲ್ಲಿ ನೋಡಿದ್ದೇನೆ, ಎಷ್ಟೋ ಸಣ್ಣ ದೋಣಿಗಳು ಕಟ್ಟಿದ ಹಗ್ಗ ಬಿಚ್ಚದೆ ಇಡೀ ಬೇಸಿಗೆ ಕಳೆಯುತ್ತವೆ. ಹೊರಟರೂ ಕಣ್ಣಳತೆಯೊಳಗೆ ಎರಡು ಸುತ್ತು ಹೊಡೆದು ಹಿಂತಿರುಗುತ್ತವೆ. ‘ಈ ವರ್ಷ ಇಷ್ಟು ದೂರ’ ಎಂದು ಬರೆದಿಟ್ಟವರು ಮಾತ್ರ ನಕ್ಷೆ ಬಿಡಿಸುತ್ತಾರೆ, ಹವಾಮಾನ ಕೇಳುತ್ತಾರೆ, ಹಳೆಯ ಹಗ್ಗ ಬದಲಿಸುತ್ತಾರೆ. ಗುರಿ ಬೇಕು ಎಂಬುದರಲ್ಲಿ ನನಗೆ ಆಗಲೂ ಸಂಶಯವಿರಲಿಲ್ಲ, ಈಗಲೂ ಇಲ್ಲ. ಅದನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು ಮಾತ್ರ ನಾನು ತಪ್ಪು ತಿಳಿದಿದ್ದೆ.

ಅನಾಪೊಲಿಸ್‌ನಿಂದ ಕೊಲ್ಲಿಯ ಆಚೆ ದಡದ ಸೇಂಟ್ ಮೈಕಲ್ಸ್‌ಗೆ ನೀರಿನ ದಾರಿಯಲ್ಲಿ ಸುಮಾರು 24 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ದೋಣಿ ನೀರಿಗೆ ತಾಗುವಷ್ಟು ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ದೋಣಿಯ ಗರಿಷ್ಠ ವೇಗ ನಾಟ್‌ಗಳಲ್ಲಿ, ಅಂದರೆ ಗಂಟೆಗೆ ಎಷ್ಟು ನಾಟಿಕಲ್ ಮೈಲಿ ಎಂಬ ಲೆಕ್ಕದಲ್ಲಿ, ಸಿಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ನಮ್ಮ ದೋಣಿಗೆ ಅದು ಹತ್ತಿರಹತ್ತಿರ ಆರು. ಐದೇ ಎಂದು ಹಿಡಿದರೂ ಐದು ಗಂಟೆಯ ದಾರಿ. ಬೆಳಿಗ್ಗೆ ಹತ್ತಕ್ಕೆ ಬಿಟ್ಟರೆ ಮೂರಕ್ಕೆ ತಲುಪುತ್ತೇವೆ ಎಂದು ಲೆಕ್ಕ ಹಾಕಿದೆ. ಸ್ನೇಹಿತರ ಕುಟುಂಬವೊಂದು ಕಾರಿನಲ್ಲಿ ಬಂದು ಅಲ್ಲಿ ನಮ್ಮನ್ನು ಸೇರುವುದೆಂದಾಯಿತು. ಸಂಜೆಯ ಊಟಕ್ಕೆ ಮೇಜು ಕಾದಿರಿಸಿದ್ದೂ ಆಯಿತು.

ಅದು ಜುಲೈ ತಿಂಗಳು. ಬೇಸಿಗೆಯಲ್ಲಿ ಚೆಸಪೀಕ್‌ನ ಗಾಳಿ ಹೆಚ್ಚಾಗಿ ದಕ್ಷಿಣದ್ದು, ಅದೂ ಬಲವಿಲ್ಲದ್ದು. ನಾವು ಮೊದಲು ಹೋಗಬೇಕಾದದ್ದೂ ದಕ್ಷಿಣಕ್ಕೆ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆ ಹೊಡೆಯುತ್ತ ಏರಬೇಕು. ನಕ್ಷೆಯ ಹತ್ತು ಮೈಲಿ ಹೀಗೆ ಹದಿನಾಲ್ಕಾಗುತ್ತದೆ. ಕೆಂಟ್ ದ್ವೀಪದ ತುದಿಯ ಬ್ಲಡಿ ಪಾಯಿಂಟ್ ತಲುಪುವಾಗಲೇ ಮಧ್ಯಾಹ್ನ ಎರಡೂವರೆ. ಅರ್ಧ ದಾರಿಯೂ ಆಗಿರಲಿಲ್ಲ. ಅಲ್ಲಿ ತಿರುಗಿದ್ದರೆ ಅದೇ ದಕ್ಷಿಣದ ಗಾಳಿ ಬೆನ್ನಿಗೆ ಬಂದು ಸಂಜೆಯೊಳಗೆ ನಮ್ಮನ್ನು ಮನೆ ಮುಟ್ಟಿಸುತ್ತಿತ್ತು. ತಿರುಗಲಿಲ್ಲ. ಅಲ್ಲಿ ಸ್ನೇಹಿತರು ಕಾಯುತ್ತಿದ್ದರು, ಇಲ್ಲಿ ಪುಸ್ತಕದಲ್ಲಿ ಬರೆದ ಸಾಲು ಕಾಯುತ್ತಿತ್ತು.

ನಾಲ್ಕೂವರೆಗೆ, ಈಸ್ಟರ್ನ್ ಬೇ ಎಂಬ ಅಗಲವಾದ ಕವಲಿನ ನಡುವೆ ಇದ್ದಾಗ, ಪಡುವಣ ದಿಕ್ಕು ಕಪ್ಪಾಯಿತು. ಬೇಸಿಗೆಯ ಇಳಿಹೊತ್ತಿನ ಗುಡುಗುಮಳೆ ಅಲ್ಲಿ ಅಪರೂಪವೇನಲ್ಲ. ಬೆಳಿಗ್ಗೆ ರೇಡಿಯೊದಲ್ಲಿ ಆ ಮಾತು ಕೇಳಿಯೂ ಇದ್ದೆ. ಗಂಗೊಳ್ಳಿಯ ಅಳಿವೆಯಲ್ಲಿ ಮಳೆಗಾಲದ ತೆರೆ ಕಂಡವಳಿಗೆ, ಸರಾಸರಿ 21 ಅಡಿ ಆಳದ, ಉಬ್ಬರ ಇಳಿತ ಒಂದಡಿಯಷ್ಟೇ ಇರುವ ಈ ಕೊಲ್ಲಿ ದೊಡ್ಡ ಕೆರೆಯ ಹಾಗೆ ತೋರಿತ್ತು. ಆಳವಿಲ್ಲದ ನೀರೇ ಕಷ್ಟ ಕೊಡುತ್ತದೆ ಎಂಬುದು ಅವತ್ತು ಗೊತ್ತಾಯಿತು. ಗಾಳಿ ಬಿದ್ದ ಹತ್ತು ನಿಮಿಷದಲ್ಲಿ ತೆರೆಗಳು ಒತ್ತೊತ್ತಾಗಿ, ಗೋಡೆಯಂತೆ ನೆಟ್ಟಗೆ ಎದ್ದವು. ಹಾಯಿ ಇಳಿಸಲು ತಡಮಾಡಿದ್ದೆವು. ಹಿಂಭಾಗ ಮೇಲೆದ್ದಾಗಲೆಲ್ಲ ಎಂಜಿನ್ನಿನ ಪಂಕ ನೀರಿನಿಂದ ಹೊರಬಂದು ಗಾಳಿಯಲ್ಲಿ ಅರಚುತ್ತಿತ್ತು. ಕೊನೆಗೆ ಹನ್ನೆರಡಡಿ ನೀರಿನಲ್ಲಿ ಲಂಗರು ಬಿಟ್ಟೆವು. ಆಳದ ಏಳು ಪಟ್ಟು ಹಗ್ಗ ಬಿಡಬೇಕೆಂದು ಕಲಿತದ್ದು ಗಾಬರಿಯಲ್ಲಿ ಮರೆತು, ನಲವತ್ತಡಿಯಷ್ಟೇ ಬಿಟ್ಟಿದ್ದೆ, ಲಂಗರು ಜಾರಿತು. ಇದ್ದ ಹಗ್ಗವನ್ನೆಲ್ಲ ಬಿಟ್ಟ ಮೇಲೆ ಹಿಡಿಯಿತು. ಮುಕ್ಕಾಲು ಗಂಟೆ ಹನ್ನೊಂದು ವರ್ಷದ ಮಗಳು ಲೈಫ್ ಜಾಕೆಟ್ ಹಾಕಿಕೊಂಡು ಒಳಗಿನ ಕಂಬ ತಬ್ಬಿ ಕೂತಿದ್ದಳು. ಅಳಲಿಲ್ಲ, ಮಾತನ್ನೂ ಆಡಲಿಲ್ಲ.

ಮಳೆ ನಿಂತಿತು, ಗಾಳಿ ಸತ್ತಿತು. ಏಡಿ ಬೋನುಗಳ ತೇಲುಗುಂಡುಗಳನ್ನು ಟಾರ್ಚ್ ಬೆಳಕಿನಲ್ಲಿ ತಪ್ಪಿಸುತ್ತ, ಎಂಜಿನ್ ಹಾಕಿಕೊಂಡು, ಕತ್ತಲಾದ ಮೇಲೆ ಸೇಂಟ್ ಮೈಕಲ್ಸ್ ಸೇರಿದೆವು. ಒಂದೇ ದಿನದಲ್ಲಿ. ಗುರಿ ಮುಟ್ಟಿದೆವು ಎಂದು ಲಾಗ್‌ಬುಕ್ಕಿನಲ್ಲಿ ಬರೆದೆ. ಮರುದಿನ ಮಗಳು ಸ್ನೇಹಿತರ ಕಾರಿನಲ್ಲಿ ಮನೆಗೆ ಹೋದಳು. ಆ ವರ್ಷ ಮತ್ತೆ ದೋಣಿಗೆ ಕಾಲಿಡಲಿಲ್ಲ.

ಭಾನುವಾರ ಅಪ್ಪಯ್ಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಎಷ್ಟು ದೂರ ಹೋದೆ ಎಂದು ಅವರು ಕೇಳಲೇ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಹೋಪುಕೆ ಗಾಳಿ ಇತ್ತಾ ಅಂತ ಎಲ್ಲರೂ ಕಾಂತ್ರ್, ಮಗಾ. ಬಪ್ಪುಕೆ ಇತ್ತಾ ಅಂತ ಕಾಣ್ಕ್.”

ಹೋಗಲು ಗಾಳಿ ಇದೆಯೇ ಎಂದು ಎಲ್ಲರೂ ನೋಡುತ್ತಾರೆ, ಬರಲು ಇದೆಯೇ ಎಂದು ನೋಡಬೇಕು. ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಬೆಳಗಿನ ಜಾವ ನೆಲದಿಂದ ಕಡಲಿಗೆ ಮೂಡುಗಾಳಿ ಬೀಸುತ್ತದೆ. ಮಧ್ಯಾಹ್ನ ತಿರುಗಿ ಕಡಲಿಂದ ನೆಲಕ್ಕೆ ಪಡುಗಾಳಿ ಏಳುತ್ತದೆ. ಹಾಯಿಯ ಕಾಲದ ಮೀನುಗಾರರು ಒಂದನ್ನು ಹಿಡಿದು ಹೋಗಿ ಇನ್ನೊಂದನ್ನು ಹಿಡಿದು ಬರುತ್ತಿದ್ದರು. ಎಷ್ಟು ದೂರ ಹೋಗಬಹುದು ಎಂಬುದನ್ನು ಅವರಿಗೆ ಹೇಳುತ್ತಿದ್ದದ್ದು ಮರಳಿ ತರುವ ಗಾಳಿಯೇ. ಅಜ್ಜಯ್ಯನ ಮನೆಯಲ್ಲಿ ಬೆಳೆದೂ ಆ ಮಾತನ್ನು ನಾನು ಹದಿಮೂರು ಸಾವಿರ ಕಿಲೋಮೀಟರ್ ಆಚೆ, ಫೋನಿನಲ್ಲಿ ಕೇಳಿಸಿಕೊಳ್ಳಬೇಕಾಯಿತು.

ಆ ಚಳಿಗಾಲ ಲಾಗ್‌ಬುಕ್ ಇಟ್ಟುಕೊಂಡು ಕೂತೆ. ಹದಿನಾಲ್ಕು ಸಲ ಹೊರಟಿದ್ದೆವು. ಪ್ರತಿ ಸಲ ನೇರ ದೂರವನ್ನು ತೆಗೆದುಕೊಂಡ ಗಂಟೆಗಳಿಂದ ಭಾಗಿಸಿದೆ. ಬಂದ ಸರಾಸರಿ 2.8 ನಾಟ್. ಪುಸ್ತಕದ ಸೂತ್ರ ಸುಳ್ಳು ಹೇಳಿರಲಿಲ್ಲ. ಒಳ್ಳೆಯ ಗಾಳಿಗೆ, ಪಕ್ಕದಿಂದ ಬೀಸಿದಾಗ, ನಮ್ಮ ದೋಣಿಯೂ ಐದೂವರೆ ನಾಟ್ ಓಡಿದೆ. ಆದರೆ ಒಂದು ದಿನ ಎಂದರೆ ಆ ಒಳ್ಳೆಯ ಗಂಟೆಯ ಜತೆಗೆ ಗಾಳಿ ಸತ್ತ ಗಂಟೆ, ಎದುರುಗಾಳಿಯ ಗಂಟೆ, ಬಾಲ್ಟಿಮೋರ್‌ಗೆ ಹೋಗುವ ಹಡಗಿಗೆ ದಾರಿ ಬಿಟ್ಟು ಕಾದ ಹೊತ್ತು ಎಲ್ಲವೂ ಸೇರಿದ್ದು. ಅಂದಿನಿಂದ ಒಂದು ಕಟ್ಟಳೆ ಮಾಡಿಕೊಂಡೆ: ನಮ್ಮದೇ ಸರಾಸರಿಯನ್ನು ಆರು ಗಂಟೆಯಿಂದ ಗುಣಿಸಿದಷ್ಟೇ ಒಂದು ದಿನದ ದೂರ. ನಮಗೆ ಅದು 17 ಮೈಲಿ. ಬೇಸಿಗೆಯ ಹಗಲಿನಲ್ಲಿ ಉಳಿಯುವ ಗಂಟೆಗಳು ತಪ್ಪಿಗೆ, ಮಳೆಗೆ, ಹಿಂತಿರುಗುವುದಕ್ಕೆ ಮೀಸಲು. ಹೊಸಬರು ಯಾರೇ ಕೇಳಲಿ, ಮೊದಲು ಹತ್ತು ಸಲ ಹತ್ತಿರದಲ್ಲೇ ಹೋಗಿ ಬಂದು ನಿಮ್ಮ ದೋಣಿಯ ನಿಜವಾದ ಸರಾಸರಿ ತಿಳಿದುಕೊಳ್ಳಿ, ಆಮೇಲೆ ನಕ್ಷೆ ಬಿಡಿಸಿ ಎನ್ನುತ್ತೇನೆ.

ಎರಡನೆಯದು ತಿರುಗುವ ಗಂಟೆ. ಹೊರಡುವ ಮೊದಲು, ದಡದಲ್ಲಿ ತಲೆ ತಣ್ಣಗಿರುವಾಗಲೇ, ಒಂದು ಕಾಗದದ ಟೇಪಿನ ಮೇಲೆ ಸಮಯ ಬರೆದು ಚುಕ್ಕಾಣಿಯ ಎದುರಿಗೆ ಅಂಟಿಸುತ್ತೇವೆ. ಆ ಹೊತ್ತಿಗೆ ಅರ್ಧ ದಾರಿ ದಾಟಿರದಿದ್ದರೆ ತಿರುಗುವುದು. ಇನ್ನೇನು ಕಾಣುತ್ತಿದೆಯಲ್ಲ, ಇನ್ನೊಂದರ್ಧ ಗಂಟೆ ನೋಡೋಣ ಎಂಬ ಚರ್ಚೆ ನೀರಿನ ಮೇಲೆ ಮಾಡುವುದಿಲ್ಲ. ದಣಿದ ಮನಸ್ಸು ಕೆಲಸ ಬೇಗ ಮುಗಿಯಲಿ ಎಂದು ಬಯಸುತ್ತದೆ, ಅದರ ತೀರ್ಮಾನವನ್ನು ನಂಬಬಾರದು. ತಿರುಗಿ ಬಂದದ್ದಕ್ಕೂ ಲಾಗ್‌ಬುಕ್ಕಿನಲ್ಲಿ ಒಂದು ಕಾಲಂ ಹಾಕಿದೆ. ಮೂರನೆಯ ವರ್ಷ ಹತ್ತೊಂಬತ್ತು ಸಲ ಹೊರಟದ್ದರಲ್ಲಿ ನಾಲ್ಕು ಸಲ ತಿರುಗಿದ್ದೇವೆ. ಆ ನಾಲ್ಕು ಸಾಲುಗಳನ್ನು ನಾನು ಹೆಮ್ಮೆಯಿಂದಲೇ ಬರೆದಿದ್ದೇನೆ.

ಮೂರನೆಯದು, ಗುರಿಯ ಊರಿನಲ್ಲಿ ಯಾರೂ ಕಾಯುವಂತಿರಬಾರದು. ಕಾದಿರಿಸಿದ ಮೇಜು, ಬರುವ ಸ್ನೇಹಿತರು, ಸೋಮವಾರ ಬೆಳಗಿನ ಆಫೀಸು, ಇವೆಲ್ಲ ಬೇಡದ ಗಾಳಿಯಲ್ಲೂ ಹಾಯಿ ಏರಿಸುತ್ತವೆ. ಈಗ ಎರಡು ದಿನದ ಪ್ರಯಾಣಕ್ಕೆ ಮೂರು ದಿನ ರಜೆ ಹಾಕುತ್ತೇವೆ. ಸ್ನೇಹಿತರಿಗೆ ತಲುಪಿದ ಮೇಲೆ ಫೋನ್ ಮಾಡುತ್ತೇವೆ.

ನಾಲ್ಕನೆಯದು ಕಲಿಯಲು ಹೆಚ್ಚು ಕಾಲ ಹಿಡಿಯಿತು. ದೋಣಿಗೆ ಒಂದು ದೂರವಿದ್ದರೆ ಮನೆಯವರಿಗೆ ಇನ್ನೊಂದು ದೂರವಿರುತ್ತದೆ. ಮಗಳ ದೂರ ಎರಡು ಗಂಟೆಯದ್ದು. ಆಮೇಲೆ ಅವಳಿಗೆ ಹೊಟ್ಟೆ ತೊಳಸುತ್ತದೆ. ನಮ್ಮ ಯಜಮಾನರಿಗೆ ಎಷ್ಟು ಗಂಟೆಯಾದರೂ ಆದೀತು, ಕತ್ತಲು ಮಾತ್ರ ಆಗದು. ಇದನ್ನು ಕೇಳಿ ತಿಳಿದುಕೊಳ್ಳದೆ ಗುರಿ ಬರೆದದ್ದು ನನ್ನ ತಪ್ಪು. ಎರಡನೆಯ ಬೇಸಿಗೆಗೆ ಮಗಳ ಕೈಗೇ ಪೆನ್ನು ಕೊಟ್ಟು, ನಿನಗೆ ಎಲ್ಲಿಯವರೆಗೆ ಹೋಗಬೇಕೆನಿಸುತ್ತದೆ ಬರೆ ಎಂದೆ. ‘ಥಾಮಸ್ ಪಾಯಿಂಟ್ ದೀಪಸ್ತಂಭ, ಮಧ್ಯಾಹ್ನದ ಊಟಕ್ಕೆ ಮನೆ’ ಎಂದು ಬರೆದಳು. ನೀರಿನ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತ, 1875ರ ಆರು ಮೂಲೆಯ ಮರದ ಮನೆ ಅದು; ನಮ್ಮಲ್ಲಿಂದ ಸುಮಾರು ಐದು ಮೈಲಿ. ಜೂನ್ ತಿಂಗಳ ಒಂದು ಶನಿವಾರ ಅದನ್ನು ಸುತ್ತು ಹಾಕಿ ಬಂದೆವು. ಹಿಂತಿರುಗುವಾಗ ಚುಕ್ಕಾಣಿ ಅವಳ ಕೈಯಲ್ಲಿತ್ತು.

ಐದನೆಯದಾಗಿ, ಒಂದೇ ಉದ್ದ ಜಿಗಿತಕ್ಕಿಂತ ಹಂಗಾಮಿನ ಒಟ್ಟು ಮೊತ್ತ ಸಣ್ಣ ದೋಣಿಗೆ ಹಿತವಾದ ಗುರಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ 300 ಮೈಲಿ ಎಂದಿಟ್ಟುಕೊಂಡರೆ ಒಂದು ದಿನ ತಿರುಗಿ ಬಂದರೂ ಆರು ಮೈಲಿ ಜಮೆಯಾಗಿರುತ್ತದೆ. ಹಾಯಿಯ ಮೈಲಿ ಬೇರೆ, ಎಂಜಿನ್ನಿನ ಮೈಲಿ ಬೇರೆ ಬರೆಯುತ್ತೇನೆ. ಲಂಗರಿನಲ್ಲಿ ಕಳೆದ ರಾತ್ರಿಗಳನ್ನೂ ಎಣಿಸುತ್ತೇನೆ, ಯಾಕೆಂದರೆ ದೂರ ಹೋಗುವ ಧೈರ್ಯ ಬರುವುದು ಅಂಥ ರಾತ್ರಿಗಳಿಂದ.

ದೊಡ್ಡವರ ಕತೆ ಓದುವಾಗಲೂ ಈಗ ಕಣ್ಣು ಬೇರೆ ಕಡೆ ಹೋಗುತ್ತದೆ. 1965ರಲ್ಲಿ ರಾಬರ್ಟ್ ಮ್ಯಾನ್ರಿ ಹದಿಮೂರೂವರೆ ಅಡಿಯ ‘ಟಿಂಕರ್‌ಬೆಲ್’ ದೋಣಿಯಲ್ಲಿ ಒಬ್ಬರೇ 78 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದರು. ಅದಕ್ಕೂ ಮೊದಲು ವರ್ಷಗಟ್ಟಲೆ ಅದೇ ದೋಣಿಯನ್ನು ಈರಿ ಸರೋವರದಲ್ಲಿ ನಡೆಸಿದ್ದರು. ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ 2013ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ ಮುಂಬಯಿಗೆ ಬಂದರು. ಅದಕ್ಕೂ ಮುನ್ನ ಅದೇ ದೋಣಿಯಲ್ಲಿ ದಿಲೀಪ್ ದೋಂಡೆ ಕೈಗೊಂಡ ಪ್ರದಕ್ಷಿಣೆಗೆ ದಡದಲ್ಲಿ ನಿಂತು ನೆರವಾಗಿದ್ದರು. ಆ ದೋಣಿಯ ಹೆಸರು ‘ಮಾದೇಯಿ’. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯದೇ ಹೆಸರು. ಅವರ ದೂರಗಳನ್ನು ನೋಡಿ ನನ್ನ ದೂರ ಅಳೆಯುವುದನ್ನು ಬಿಟ್ಟಿದ್ದೇನೆ. ಅವರ ಹಿಂದಿನ ವರ್ಷಗಳನ್ನು ನೋಡಿ ಕಲಿಯುತ್ತೇನೆ.

ಮೂರನೆಯ ವರ್ಷ, ಅಕ್ಟೋಬರ್‌ನಲ್ಲಿ, ಮತ್ತೆ ಸೇಂಟ್ ಮೈಕಲ್ಸ್‌ಗೆ ಹೊರಟೆವು. ಮೊದಲ ದಿನ ಹನ್ನೆರಡು ಮೈಲಿ, ರೋಡ್ ರಿವರ್ ಎಂಬ ಹೊಳೆಯೊಳಗೆ ಲಂಗರು. ಎರಡನೆಯ ದಿನ ಕೊಲ್ಲಿ ದಾಟಿ ಹದಿನಾರು ಮೈಲಿ, ಟಿಲ್ಗ್‌ಮನ್ ಕ್ರೀಕ್. ಮೂರನೆಯ ದಿನ ಬೆಳಿಗ್ಗೆ ಉಳಿದ ಆರು. ನೇರ ದಾರಿಗಿಂತ ಹತ್ತು ಮೈಲಿ ಹೆಚ್ಚು. ಆ ಊರಿನ ಕಡಲ ವಸ್ತುಸಂಗ್ರಹಾಲಯದ ಮುಂದೆ, ಬೇರೆಡೆಯಿಂದ ತಂದು ನಿಲ್ಲಿಸಿದ 1879ರ ದೀಪಸ್ತಂಭದ ಪಕ್ಕದಲ್ಲೇ ಹಾದು, ಹತ್ತೂವರೆಗೆ ಹಗ್ಗ ಕಟ್ಟಿದೆವು. ಹಗ್ಗ ಕಟ್ಟಿದವಳು ಮಗಳು.

ಈ ವರ್ಷದ ಗುರಿ ದಕ್ಷಿಣಕ್ಕೆ ಸುಮಾರು 45 ಮೈಲಿ ದೂರದ ಸಾಲೊಮನ್ಸ್. ಲಾಗ್‌ಬುಕ್ಕಿನಲ್ಲಿ ಈಗ ಒಂದು ಸಾಲಿಲ್ಲ, ಒಂದು ಪುಟವಿದೆ. ಎಡಕ್ಕೆ ತಂಗುವ ಜಾಗಗಳು, ಬಲಕ್ಕೆ ಪ್ರತಿ ದಿನದ ತಿರುಗುವ ಗಂಟೆ, ಕೆಳಗೆ ಮೂವರ ಸಹಿ. ನೀವೂ ಸಣ್ಣ ದೋಣಿ ಕೊಂಡಿದ್ದರೆ ದೂರದ ಗುರಿ ಇಟ್ಟುಕೊಳ್ಳಿ, ಖಂಡಿತ ಇಟ್ಟುಕೊಳ್ಳಿ. ಬರೆಯುವಾಗ ಮಾತ್ರ ಹೋಗುವ ಊರಿನ ಪಕ್ಕದಲ್ಲೇ ತಿರುಗುವ ಗಂಟೆಯನ್ನೂ ಬರೆಯಿರಿ. ಬಪ್ಪುಕೆ ಗಾಳಿ ಇತ್ತಾ ಕಾಣಿ.