ಎಳೆತದ ಪಂದ್ಯದ ಡೀಸೆಲ್ ಟ್ರಾಕ್ಟರಿಗೆ ಬಲವಾದ ಕ್ಲಚ್ಚಿನ ಆಯ್ಕೆ

ಕಾರಹುಣ್ಣಿಮೆಯ ಕಾಲದಲ್ಲಿ ರಾಯಚೂರಿನ ಕಡೆ ಜೋಡೆತ್ತುಗಳಿಂದ ಭಾರವಾದ ಕಲ್ಲನ್ನು ಎಳೆಸುವ ಪಂದ್ಯಗಳನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಅಮೆರಿಕಾ ದೇಶದ ರೈತರಲ್ಲಿಯೂ ಇಂತಹ ಪಂದ್ಯಗಳು ಮೊದಲು ಕುದುರೆಗಳಿಂದ ನಡೆಯುತ್ತಿದ್ದು, 1929ನೆಯ ಇಸವಿಯಲ್ಲಿ ಮಿಸ್ಸೂರಿ ಸಂಸ್ಥಾನದ ಬೌಲಿಂಗ್ ಗ್ರೀನ್ ಮತ್ತು ಒಹಾಯೋ ಸಂಸ್ಥಾನದ ವಾನ್ಸ್‌ವಿಲ್ ಎಂಬ ಊರುಗಳಲ್ಲಿ ಕುದುರೆಗಳ ಸ್ಥಾನದಲ್ಲಿ ಟ್ರಾಕ್ಟರುಗಳನ್ನು ಹೂಡಿದರು. 1969ರಲ್ಲಿ ಈ ಪಂದ್ಯಗಳಿಗೆ ಏಕರೀತಿಯ ನಿಯಮಗಳನ್ನು ಮಾಡುವ ಸಲುವಾಗಿ ಅಲ್ಲಿ ಒಂದು ರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. ಟ್ರಾಕ್ಟರಿನ ಹಿಂದೆ ಕಟ್ಟುವ ಬಂಡಿಯು ಸಾಮಾನ್ಯವಾದುದಲ್ಲ. ಬಂಡಿಯು ಮುಂದಕ್ಕೆ ಸಾಗಿದಂತೆಲ್ಲಾ ಅದರ ಮೇಲಿನ ಭಾರದ ಪೆಟ್ಟಿಗೆಯು ತಾನಾಗಿ ಟ್ರಾಕ್ಟರಿನ ಕಡೆಗೆ ಸರಿದು, ಗಜಗಜಕ್ಕೂ ಎಳೆತವು ಹೆಚ್ಚುತ್ತಾ ಹೋಗುವುದು. ಅಮೆರಿಕಾದಲ್ಲಿ 300 ಅಡಿ, ಯೂರೋಪಿನಲ್ಲಿ 100 ಮೀಟರು ಎಳೆದರೆ ಪೂರ್ಣ ಎಳೆತವೆಂದು ಎಣಿಸುವರು.

ಈ ಪಂದ್ಯದಲ್ಲಿ ಇಂಜಿನಿನ ಶಕ್ತಿಯನ್ನು ಹೆಚ್ಚಿಸುವ ಉಪಾಯಗಳಿಗೆ ಕೊರತೆಯಿಲ್ಲ. ಆದರೆ ಹೆಚ್ಚಿದ ಶಕ್ತಿಯೆಲ್ಲವೂ ಚಕ್ರಕ್ಕೆ ಮುಟ್ಟಬೇಕಾದರೆ ಕ್ಲಚ್ಚನ್ನು ಹಾದೇ ಹೋಗಬೇಕು. ಮಂಡ್ಯ, ಬೆಳಗಾವಿ ಜಿಲ್ಲೆಗಳಲ್ಲಿ ಎರಡೆರಡು ಟ್ರೇಲರು ಕಬ್ಬನ್ನು ಎಳೆಯುವ ಹವಣಿನಲ್ಲಿ ಡೀಸೆಲ್ ಪಂಪಿನ ತಿರುಪನ್ನು ತಿರುಗಿಸಿ, ಕರಿಹೊಗೆ ಬಿಡಿಸಿ, ವರ್ಷ ತುಂಬುವುದರೊಳಗೆ ಕ್ಲಚ್ ಪ್ಲೇಟು ಸುಟ್ಟುಹೋಯಿತೆಂದು ಹಲುಬುವವರಿಗೂ ಇದೇ ಶಾಸ್ತ್ರವು ಅನ್ವಯಿಸುವುದರಿಂದ, ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸೋಣ.

ಮೊದಲು ತಿಳಿಯತಕ್ಕ ಸಂಗತಿಯೆಂದರೆ, ಕ್ಲಚ್ಚನ್ನು ಕುದುರೆಶಕ್ತಿಯ ಲೆಕ್ಕದಿಂದ ಆರಿಸಲಾಗದು. ಕ್ಲಚ್ಚು ತಡೆದುಕೊಳ್ಳಬೇಕಾದದ್ದು ಟಾರ್ಕ್ ಎನ್ನಿಸಿಕೊಳ್ಳುವ ತಿರುಚುಬಲವನ್ನು. ಒಂದು ಮೀಟರು ಉದ್ದದ ಸನ್ನೆಯ ತುದಿಗೆ ಒಂದು ಕಿಲೋಗ್ರಾಂ ತೂಕವನ್ನು ತೂಗಹಾಕಿದರೆ ಆಗುವ ತಿರುಚುಬಲಕ್ಕೆ ಒಂದು ಕಿಲೋಗ್ರಾಂ-ಮೀಟರು ಎಂದು ಹೆಸರು. ಮೆಟ್ರಿಕ್ ಕುದುರೆಶಕ್ತಿಯನ್ನು 716ರಿಂದ ಗುಣಿಸಿ, ನಿಮಿಷಕ್ಕೆ ಇಂಜಿನು ಸುತ್ತುವ ಸುತ್ತುಗಳಿಂದ ಭಾಗಿಸಿದರೆ ಈ ಸಂಖ್ಯೆಯು ಸಿಕ್ಕುವುದು. 50 ಕುದುರೆಶಕ್ತಿಯನ್ನು 2,000 ಸುತ್ತಿನಲ್ಲಿ ಕೊಡುವ ಟ್ರಾಕ್ಟರಿನ ತಿರುಚುಬಲವು ಸುಮಾರು 18 ಆಗುವುದು. ಅದೇ 50 ಕುದುರೆಶಕ್ತಿಯನ್ನು 6,000 ಸುತ್ತಿನಲ್ಲಿ ಕೊಡುವ ಪೆಟ್ರೋಲ್ ಇಂಜಿನಿನಲ್ಲಿ ಕೇವಲ 6 ಆಗುವುದು. ಶಕ್ತಿ ಒಂದೇ ಆದರೂ ಡೀಸೆಲ್ ಇಂಜಿನಿಗೆ ಮೂರು ಪಾಲು ಗಟ್ಟಿಯಾದ ಕ್ಲಚ್ಚು ಬೇಕೆಂದು ಇದರಿಂದ ತಿಳಿಯುವುದು. ಇದಲ್ಲದೆ ಡೀಸೆಲ್ ಇಂಜಿನಿನ ಅತ್ಯಧಿಕ ತಿರುಚುಬಲವು ಅತ್ಯಧಿಕ ಕುದುರೆಶಕ್ತಿಯ ವೇಗದಲ್ಲಿ ಬಾರದೆ, ಅದಕ್ಕಿಂತ ಕೆಳಗಿನ ವೇಗದಲ್ಲಿ ಬರುವುದು. ಟರ್ಬೋ ಇರುವ ಇಂಜಿನಿನಲ್ಲಿಯಂತೂ ಗಾಳಿಯ ಒತ್ತಡವು ಏರಿದೊಡನೆ ಇದು ಹಠಾತ್ತಾಗಿ ಹೆಚ್ಚುವುದರಿಂದ, ಹೊರಡುವಾಗ ಹಿಡಿದಿದ್ದ ಕ್ಲಚ್ಚು ನಡುದಾರಿಯಲ್ಲಿ ಜಾರತೊಡಗುವುದುಂಟು. ಆದಕಾರಣ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಆ ಅತ್ಯಧಿಕ ತಿರುಚುಬಲವನ್ನೇ.

ಇನ್ನು ಕ್ಲಚ್ಚಿನ ಹಿಡಿತವು ನಾಲ್ಕು ಸಂಗತಿಗಳ ಗುಣಲಬ್ಧವಾಗಿದೆ: ಪ್ಲೇಟನ್ನು ಒತ್ತುವ ಬಲ, ಲೈನಿಂಗಿನ ಘರ್ಷಣಾಂಕ, ಲೈನಿಂಗಿನ ಸರಾಸರಿ ತ್ರಿಜ್ಯ, ಉಜ್ಜುವ ಮುಖಗಳ ಸಂಖ್ಯೆ. ಹನ್ನೆರಡು ಅಂಗುಲದ ಒಂದೇ ಪ್ಲೇಟಿನ ಕ್ಲಚ್ಚನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸ್ಪ್ರಿಂಗುಗಳ ಒತ್ತಡ 600 ಕಿಲೋಗ್ರಾಂ, ಸಾಧಾರಣ ಲೈನಿಂಗಿನ ಘರ್ಷಣಾಂಕ 0.3, ಸರಾಸರಿ ತ್ರಿಜ್ಯ 0.125 ಮೀಟರು, ಮುಖಗಳು ಎರಡು ಎಂದಿಟ್ಟುಕೊಂಡರೆ ಹಿಡಿತವು 45 ಕಿಲೋಗ್ರಾಂ-ಮೀಟರು ಆಗುವುದು. ನಮ್ಮ 50 ಕುದುರೆಶಕ್ತಿಯ ಟ್ರಾಕ್ಟರಿನ ಅತ್ಯಧಿಕ ತಿರುಚುಬಲವು 20 ಎಂದರೂ ಇದು ಅದಕ್ಕೆ ಎರಡು ಪಾಲಿಗಿಂತ ಹೆಚ್ಚು. ಇದು ದುಂದಲ್ಲ, ಕಾರುಗಳಲ್ಲಿ ಒಂದೂಕಾಲರಿಂದ ಒಂದೂವರೆ ಪಾಲು ಸಾಕಾದರೂ, ಮಣ್ಣಿನಲ್ಲಿ ಏಳುಬೀಳುಗಳ ಹೊರೆಯನ್ನು ಹೊರುವ ಟ್ರಾಕ್ಟರಿಗೆ ಎರಡರಿಂದ ಎರಡೂವರೆ ಪಾಲು ಹಿಡಿತವನ್ನು ಇಡುವುದು ವಾಡಿಕೆ.

ಈಗ ಪಂದ್ಯಕ್ಕೋಸ್ಕರ ಅದೇ ಇಂಜಿನಿನ ತಿರುಚುಬಲವನ್ನು 80ಕ್ಕೆ ಏರಿಸಿದರೆಂದು ಭಾವಿಸೋಣ. ಒಂದೂವರೆ ಪಾಲಿನಂತೆ 120ರ ಹಿಡಿತ ಬೇಕು. ಎಲ್ಲರಿಗೂ ಮೊದಲು ತೋಚುವ ಹಾದಿಯೆಂದರೆ ಸ್ಪ್ರಿಂಗನ್ನು ಗಟ್ಟಿಮಾಡುವುದು. ಅಂಗಡಿಯವರೂ ಇದನ್ನೇ ಸುಲಭವೆಂದು ಮಾರುವರು. ಆದರೆ ಬೇರೇನನ್ನೂ ಬದಲಿಸದೆ 120ನ್ನು ಮುಟ್ಟಬೇಕಾದರೆ ಒತ್ತಡವು 600ರಿಂದ 1,600 ಕಿಲೋಗ್ರಾಮಿಗೆ ಏರಬೇಕಾಗುವುದು. ಪೆಡಲನ್ನು ತುಳಿಯುವ ಕಾಲಿನ ಪಾಡು ಹಾಗಿರಲಿ, ಪೆಡಲನ್ನು ಒತ್ತಿದಾಗಲೆಲ್ಲಾ ಆ ಬಲವು ರಿಲೀಸ್ ಬೇರಿಂಗಿನ ಮೂಲಕ ಕ್ರಾಂಕ್ ಶಾಫ್ಟನ್ನು ಮುಂದಕ್ಕೆ ನೂಕಿ, ಅದರ ಪಕ್ಕದ ತಳ್ಳುಬಿಲ್ಲೆಗಳನ್ನು ಸವೆಸುವುದು. ಕ್ಲಚ್ಚನ್ನು ಉಳಿಸಲು ಹೋಗಿ ಇಂಜಿನನ್ನೇ ಬಿಚ್ಚುವ ಪ್ರಮೇಯವು ಹೀಗೆ ಒದಗುವುದು. ತ್ರಿಜ್ಯವನ್ನು ಹೆಚ್ಚಿಸೋಣವೆಂದರೆ ಕ್ಲಚ್ಚಿನ ಮನೆಯೊಳಗೆ ಸ್ಥಳವಿಲ್ಲ. ಸ್ಥಳವಿದ್ದರೂ ಅಂಚಿನ ವೇಗವು ಹೆಚ್ಚುವುದು ಕ್ಷೇಮವಲ್ಲ.

ಎರಡು ಪ್ಲೇಟುಗಳನ್ನು ಇಟ್ಟರೆ ಮುಖಗಳು ನಾಲ್ಕಾಗಿ ಹಿಡಿತವು ನೇರವಾಗಿ ಎರಡು ಪಾಲಾಗುವುದು. ಅದರ ಮೇಲೆ 0.3ರ ಲೈನಿಂಗಿಗೆ ಬದಲಾಗಿ 0.4ರ ಘರ್ಷಣಾಂಕವುಳ್ಳ, ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಬಿಲ್ಲೆಗಳನ್ನು ಹಾಕಿದರೆ, 600 ಕಿಲೋಗ್ರಾಮಿನ ಹಳೆಯ ಒತ್ತಡದಲ್ಲಿಯೇ 120 ಕಿಲೋಗ್ರಾಂ-ಮೀಟರು ಬರುವುದು. ವಾಚಕರು ಗುಣಿಸಿ ನೋಡಬಹುದು. ಬಲವಾದ ಕ್ಲಚ್ಚೆಂದರೆ ಗಡುಸಾದ ಪೆಡಲೆಂದು ತಿಳಿಯುವುದು ಎಷ್ಟು ತಪ್ಪೆಂಬುದು ಇದರಿಂದ ಸ್ಪಷ್ಟವಾಗುವುದು. ಎಳೆತದ ಪಂದ್ಯದ ದೊಡ್ಡ ಟ್ರಾಕ್ಟರುಗಳಲ್ಲಿ ಎರಡಕ್ಕಿಂತಲೂ ಹೆಚ್ಚು ಪ್ಲೇಟುಗಳನ್ನು ಒಂದರ ಹಿಂದೊಂದು ಜೋಡಿಸುವುದು ಇದೇ ಕಾರಣದಿಂದ.

ಲೋಹದ ಬಿಲ್ಲೆಗಳಿಗೆ ದೋಷಗಳಿಲ್ಲದಿಲ್ಲ. ಅವು ಮೆತ್ತಗೆ ಹಿಡಿಯದೆ ಥಟ್ಟನೆ ಕಚ್ಚುವುವು. ಫ್ಲೈವ್ಹೀಲಿನ ಮುಖವನ್ನು ಬೇಗ ಸವೆಸುವುವು. ದಿನವಹಿ ಹೊಲದ ಕೆಲಸಕ್ಕೂ ಅದೇ ಟ್ರಾಕ್ಟರನ್ನು ಉಪಯೋಗಿಸುವವರಿಗೆ ಸಾಧಾರಣ ಲೈನಿಂಗೇ ಹಿತಕರ. ಆದರೆ ಸಾಧಾರಣ ಲೈನಿಂಗು ಸುಮಾರು 250 ಡಿಗ್ರಿ ಸೆಂಟಿಗ್ರೇಡಿನಾಚೆಗೆ ಹಿಡಿತವನ್ನು ಕಳೆದುಕೊಳ್ಳತೊಡಗುವುದೆಂಬುದನ್ನೂ, ಲೋಹದ ಬಿಲ್ಲೆಗಳು ಅದಕ್ಕಿಂತ ಬಹಳ ಹೆಚ್ಚಿನ ಶಾಖವನ್ನು ಸಹಿಸುವುವೆಂಬುದನ್ನೂ ಮರೆಯಲಾಗದು. ಹಳೆಯ ಟ್ರಾಕ್ಟರುಗಳ ಲೈನಿಂಗಿನಲ್ಲಿ ಕಲ್ನಾರು ಇರುವ ಸಂಭವವಿರುವುದರಿಂದ, ಬಿಚ್ಚಿದ ಕ್ಲಚ್ಚಿನ ಧೂಳನ್ನು ಬಾಯಿಂದಲಾಗಲಿ ಗಾಳಿಪಂಪಿನಿಂದಲಾಗಲಿ ಊದದೆ, ಒದ್ದೆಬಟ್ಟೆಯಿಂದ ಒರಸತಕ್ಕದ್ದು. ಅದು ಶ್ವಾಸಕೋಶಕ್ಕೆ ಮಾರಕವಾದ ಧೂಳು.

ಶಾಖದ ವಿಚಾರವನ್ನು ಇನ್ನಷ್ಟು ಲಕ್ಷ್ಯದಿಂದ ನೋಡಬೇಕು, ಏಕೆಂದರೆ ಕ್ಲಚ್ಚುಗಳು ಕೆಡುವುದು ಬಹುತೇಕ ಇದರಿಂದಲೇ. ಇಂಜಿನು 3,000 ಸುತ್ತಿನಲ್ಲಿ 80 ಕಿಲೋಗ್ರಾಂ-ಮೀಟರು ಕೊಡುತ್ತಿರುವಾಗ ಕ್ಲಚ್ಚು ಪೂರ್ತಿ ಜಾರಾಟದಿಂದ ಕ್ರಮವಾಗಿ ಹಿಡಿತಕ್ಕೆ ಬರಲು ಒಂದು ಸೆಕೆಂಡು ಹಿಡಿಯಿತೆನ್ನೋಣ. ಅಷ್ಟರೊಳಗೆ ಒಂದು ಲೀಟರು ನೀರನ್ನು ಸುಮಾರು 30 ಡಿಗ್ರಿಯಷ್ಟು ಬಿಸಿಮಾಡುವ ಶಾಖವು ಆ ತೆಳ್ಳನೆಯ ಮುಖಗಳಲ್ಲಿ ಹುಟ್ಟುವುದು. ಮೂರು ಸೆಕೆಂಡು ಜಾರಿದರೆ ಅದರ ಮೂರರಷ್ಟು. ಲೋಹದ ಒಡಲಿಗೆ ಶಾಖವು ಇಳಿಯುವಷ್ಟು ಅವಕಾಶವಿಲ್ಲದೆ ಮೇಲ್ಮೈ ಮಾತ್ರ ಕೆಂಡದಂತಾಗಿ, ನೀಲಿ ಮಚ್ಚೆಗಳು ಬಿದ್ದು, ಪ್ಲೇಟು ಡೊಂಕಾಗುವುದು. ಆದುದರಿಂದ ಹಿಡಿತದ ಲೆಕ್ಕ ಸರಿಹೋದ ಬಳಿಕ, ಶಾಖವನ್ನು ಕುಡಿಯಲು ತಕ್ಕಷ್ಟು ದಪ್ಪನಾದ ಉಕ್ಕಿನ ತಟ್ಟೆಗಳಿವೆಯೇ ಎಂದು ವಿಚಾರಿಸಬೇಕು. ತೂಕ ಕಡಿಮೆಯೆಂದು ಹೊಗಳಿ ಮಾರುವ ತೆಳ್ಳನೆಯ ಕ್ಲಚ್ಚು ಎಳೆತದ ಟ್ರಾಕ್ಟರಿಗೆ ಹೊಂದದು.

ಪಂದ್ಯದವರು ಬಳಸುವ ಇನ್ನೊಂದು ಬಗೆಯಲ್ಲಿ ಸ್ಪ್ರಿಂಗಿನೊಡನೆ ಸಣ್ಣ ಸನ್ನೆಗಳ ತುದಿಗೆ ತೂಕಗಳಿರುವುವು. ತಿರುಗುವ ವೇಗವು ಹೆಚ್ಚಿದಂತೆ ತೂಕಗಳು ಹೊರಕ್ಕೆ ಸಿಡಿಯಲೆಳಸಿ ಪ್ಲೇಟನ್ನು ಒತ್ತುವುವು. ಈ ಒತ್ತಡವು ವೇಗದ ವರ್ಗಕ್ಕನುಸಾರವಾಗಿ ಬೆಳೆಯುವುದು. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಹೊರಡುವಾಗ ಹದವಾಗಿ ಜಾರಿ, ಬಂಡಿ ಭಾರವಾಗುವ ಹೊತ್ತಿಗೆ ಗಟ್ಟಿಯಾಗಿ ಹಿಡಿಯುವ ಈ ಗುಣವು ಬಹಳ ಉಪಯುಕ್ತ. ಆದರೆ ಮೇಲುವೇಗದಲ್ಲಿ ಓಡುವ ಪೆಟ್ರೋಲ್ ಗಾಡಿಯ ತೂಕದ ಕ್ಲಚ್ಚನ್ನು ನೋಡಿ ಡೀಸೆಲ್ಲಿಗೆ ಹಾಗೆಯೇ ಅಳವಡಿಸುವವರು ಒಂದು ವಿಷಯವನ್ನು ಗಮನಿಸರು. ಹೊರೆ ಹೆಚ್ಚಿ ಇಂಜಿನು 4,000ದಿಂದ 3,000 ಸುತ್ತಿಗೆ ಕುಸಿಯಿತೆನ್ನೋಣ. ತೂಕಗಳ ಒತ್ತಡವು 16ರಲ್ಲಿ 9 ಪಾಲಿಗೆ ಇಳಿಯುವುದು. ಡೀಸೆಲ್ ಇಂಜಿನಿನ ತಿರುಚುಬಲವಾದರೋ ಆಗಲೇ ಏರುವುದು. ಹಿಡಿತವು ಅತ್ಯವಶ್ಯವಾದ ಗಳಿಗೆಯಲ್ಲಿಯೇ ಕ್ಲಚ್ಚು ಕೈಬಿಡುವುದು! ಅದಕ್ಕಾಗಿ ಡೀಸೆಲ್ ಟ್ರಾಕ್ಟರಿನಲ್ಲಿ ಹಿಡಿತದ ಹೆಚ್ಚು ಪಾಲನ್ನು ಸ್ಪ್ರಿಂಗಿಗೂ, ಪ್ಲೇಟುಗಳ ಸಂಖ್ಯೆಗೂ ಬಿಟ್ಟು, ತೂಕಗಳನ್ನು ಸಹಾಯಕ್ಕೆ ಮಾತ್ರ ಇಟ್ಟುಕೊಳ್ಳುವುದು ಮೇಲೆಂದು ನಮ್ಮ ಅಭಿಪ್ರಾಯ. ತೂಕಗಳ ಲೆಕ್ಕವನ್ನು ಎಳೆತದ ನಡುವೆ ಇಂಜಿನು ಕುಸಿಯುವ ಅತಿ ಕಡಿಮೆ ವೇಗಕ್ಕೆ ಹಾಕತಕ್ಕದ್ದೇ ಹೊರತು ಗರಿಷ್ಠ ವೇಗಕ್ಕಲ್ಲ.

ಕ್ಲಚ್ಚಿನ ಭಾರವನ್ನು ತಪ್ಪಿಸುವ ಒಂದು ವಿನೋದವಾದ ಉಪಾಯವನ್ನು ಇಲ್ಲಿ ಹೇಳಬಹುದು. 2006ನೆಯ ಆಗಸ್ಟಿನಲ್ಲಿ ಅಮೆರಿಕಾದ ಬಾನವಿಲ್ ಉಪ್ಪುಬಯಲಿನಲ್ಲಿ ಡೀಸೆಲ್‌ಮ್ಯಾಕ್ಸ್ ಎಂಬ ಗಾಡಿಯು ಗಂಟೆಗೆ 563 ಕಿಲೋಮೀಟರು ವೇಗವನ್ನು ಮುಟ್ಟಿ ಡೀಸೆಲ್ ಗಾಡಿಗಳ ದಾಖಲೆಯನ್ನು ಸ್ಥಾಪಿಸಿತು. ಅದರ ಎರಡು ಇಂಜಿನುಗಳೂ ಮಣ್ಣು ತೋಡುವ ಜೆ.ಸಿ.ಬಿ. ಯಂತ್ರದ ಇಂಜಿನುಗಳಿಂದಲೇ ರೂಪುಗೊಂಡು, ಒಂದೊಂದೂ 750 ಕುದುರೆಶಕ್ತಿಗೆ ಏರಿದ್ದುವು. ಮೊದಲನೆಯ ಗೇರೇ ಅತಿ ವೇಗದ್ದಾಗಿ, ನಿಂತಲ್ಲಿಂದ ಹೊರಡಿಸುವುದು ಕಷ್ಟವಾದ್ದರಿಂದ, ಅದನ್ನು ಮೊದಲಿಗೆ ಹಿಂದಿನಿಂದ ನೂಕಿಕೊಟ್ಟದ್ದು ಒಂದು ಟ್ರಾಕ್ಟರು. ಎಳೆತದ ಪಂದ್ಯದವನಿಗೆ ನೂಕುವವರಿಲ್ಲ. ಅವನು ತಕ್ಕ ಗೇರನ್ನು ಆರಿಸಿಯೇ ಕ್ಲಚ್ಚಿನ ಜಾರಾಟವನ್ನು ಕಡಿಮೆಮಾಡಬೇಕು.

ಕ್ಲಚ್ಚು ಬಲವಾದ ಬಳಿಕ ಮುರಿಯುವ ಸರದಿಯು ಮುಂದಿನ ಅಂಗಗಳದು. ಜಾರುವ ಕ್ಲಚ್ಚು ಇಷ್ಟುಕಾಲ ಗೇರುಪೆಟ್ಟಿಗೆಯನ್ನು ಕಾಪಾಡಿತ್ತೆಂಬುದು ಆಗ ತಿಳಿಯುವುದು. ದುಂಡುಶಾಫ್ಟಿನ ಬಲವು ವ್ಯಾಸದ ಘನಕ್ಕನುಸಾರವಾಗಿರುವುದರಿಂದ, ವ್ಯಾಸವನ್ನು ಕಾಲುಭಾಗದಷ್ಟು ಹೆಚ್ಚಿಸಿದರೆ ಬಲವು ಸುಮಾರು ಎರಡು ಪಾಲಾಗುವುದು. ಗೇರಿನ ಹಲ್ಲುಗಳಿಗೂ ಹಿಂದಿನ ಆಕ್ಸಲಿಗೂ ಅಷ್ಟು ಸುಲಭವಾದ ಪರಿಹಾರವಿಲ್ಲ. ಇವೆಲ್ಲಕ್ಕಿಂತ ಭಯಂಕರವಾದದ್ದು ಫ್ಲೈವ್ಹೀಲು ಸಿಡಿಯುವುದು. ಸಾಧಾರಣ ಬೀಡುಕಬ್ಬಿಣದ ಚಕ್ರವನ್ನು ಅದಕ್ಕೆ ವಿಧಿಸಿದ ವೇಗಕ್ಕಿಂತ ಇಮ್ಮಡಿ ವೇಗದಲ್ಲಿ ತಿರುಗಿಸಿದರೆ, ಅದನ್ನು ಸೀಳುವ ಬಲವು ನಾಲ್ಮಡಿಯಾಗುವುದು. ಸಿಡಿದ ಚೂರುಗಳು ತೋಪಿನ ಗುಂಡಿನಂತೆ ಚಾಲಕನ ಕಾಲುಗಳನ್ನೂ ನೋಡುವ ಜನರನ್ನೂ ಹೊಡೆಯುವುವು. ಪಂದ್ಯದ ಸಂಘಗಳು ಉಕ್ಕಿನ ಫ್ಲೈವ್ಹೀಲನ್ನೂ, ಕ್ಲಚ್ಚಿನ ಮನೆಯ ಸುತ್ತ ಚೂರುಗಳನ್ನು ತಡೆಯುವ ಕವಚವನ್ನೂ ಕಡ್ಡಾಯಮಾಡಿರುವುದು ಇದಕ್ಕಾಗಿಯೇ. ಹಣ ಸಾಲದಿದ್ದರೆ ಮೊದಲು ಕವಚಕ್ಕೆ ತೆರತಕ್ಕದ್ದು, ಉಳಿದದ್ದರಲ್ಲಿ ಕ್ಲಚ್ಚು. ನಮ್ಮ ದೇಶದಲ್ಲಿಯಾದರೋ ನೋಂದಣಿಯಾದ ಟ್ರಾಕ್ಟರನ್ನು ತಯಾರಕರ ವಿವರಗಳಿಗೆ ವಿರೋಧವಾಗಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ನಿಷೇಧಿಸಿದೆ. ಕಬ್ಬಿನ ಗಾಡಿಯವರು ಪಂಪಿನ ತಿರುಪನ್ನು ಮೊದಲಿನ ಸ್ಥಾನಕ್ಕೆ ತರಿಸಿ, ಪೆಡಲಿನ ಮೇಲೆ ಸದಾ ಕಾಲಿಟ್ಟು ಓಡಿಸುವ ರೂಢಿಯನ್ನು ಬಿಟ್ಟರೆ ಹಳೆಯ ಕ್ಲಚ್ಚೇ ಸಾಕಾಗುವುದು.

ಹೊಸ ಪ್ಲೇಟುಗಳನ್ನು ಕೂರಿಸುವ ಮುನ್ನ ಫ್ಲೈವ್ಹೀಲಿನ ಮುಖವನ್ನು ಸಮನಾಗಿ ಕಡೆಸಿ, ಎಣ್ಣೆಯ ಪಸೆಯನ್ನು ಪೂರ್ತಿ ತೆಗೆಯಬೇಕು; ಕ್ರಾಂಕಿನ ಹಿಂಬದಿಯ ಎಣ್ಣೆಸೀಲು ಸೋರುತ್ತಿದ್ದರೆ ಎಂತಹ ಕ್ಲಚ್ಚೂ ನಿಲ್ಲದು. ಮೊದಲ ಕೆಲವು ದಿನ ಹಗುರವಾದ ಹೊರೆಯಲ್ಲಿ ಮತ್ತೆ ಮತ್ತೆ ಹೊರಡಿಸಿ ನಿಲ್ಲಿಸಿ ಮುಖಗಳನ್ನು ಒಂದಕ್ಕೊಂದು ಹೊಂದಿಸತಕ್ಕದ್ದು. ಪ್ರತಿ ಎಳೆತವಾದ ಮೇಲೆಯೂ ಕ್ಲಚ್ಚು ಆರಿದ ಬಳಿಕ, ಪೆಡಲನ್ನು ಒತ್ತಿ ಹಿಡಿಸಿ, ಪ್ಲೇಟುಗಳ ನಡುವಿನ ಸಂದನ್ನು ಗೇಜಿನಿಂದ ಸುತ್ತಲೂ ಮೂರು ನಾಲ್ಕು ಕಡೆ ಅಳೆದು ಬರೆದಿಡಬೇಕು. ಒಂದು ಕಡೆ ಹೆಚ್ಚು, ಮತ್ತೊಂದು ಕಡೆ ಕಡಿಮೆ ಕಂಡುಬಂದರೆ ತಟ್ಟೆಯು ಡೊಂಕಾಗಿದೆಯೆಂದು ತಿಳಿದು, ಮುಂದಿನ ಎಳೆತಕ್ಕೆ ಮೊದಲೇ ಅದನ್ನು ಬದಲಾಯಿಸತಕ್ಕದ್ದು.