ಒಪ್ಪಿಗೆಯ ಬೆಲೆ

ತಿಳಿದು ಕೊಟ್ಟ ಮಾತೇ ಒಪ್ಪಿಗೆ. ತಿಳಿಯದೆ ಕೊಟ್ಟುದು ಬರಿಯ ಹೆಬ್ಬೆಟ್ಟಿನ ಗುರುತು. ಹಿಂದೆ ಅಕ್ಷರ ಬಾರದ ರೈತರು ಸಾಲಪತ್ರದಲ್ಲಿ ಏನಿದೆಯೆಂದರಿಯದೆ ಹೆಬ್ಬೆಟ್ಟನ್ನೊತ್ತಿ ಹೊಲ ಕಳೆದುಕೊಂಡುದುಂಟು. ಇಂದು ಓದು ಬಲ್ಲ ನಾವು ಮೊಬೈಲಿನಲ್ಲಿ ‘ಒಪ್ಪುತ್ತೇನೆ’ ಎಂಬ ಗುಂಡಿಯನ್ನು ಓದದೆಯೇ ಒತ್ತುತ್ತಿದ್ದೇವೆ.

ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡ ಮನೆಗಳಲ್ಲಿ ಈ ತೊಡಕು ಇಮ್ಮಡಿಯಾದುದು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು, ಮೊಬೈಲಿನ ಕರಾರು ಬಹುಮಟ್ಟಿಗೆ ಇಂಗ್ಲಿಷು. ಉದ್ದವಾದ ಆ ಕರಾರನ್ನು ತಂದೆತಾಯಿಯರು ಓದಲಾರರು. ಮಕ್ಕಳು ಓದುವ ತಾಳ್ಮೆ ತೋರರು.

ಆ ಕರಾರಿನಲ್ಲಿ ಏನಿರುತ್ತದೆ? ಹಲವು ಆಪ್‌ಗಳು ನಮ್ಮಿಂದ ಹಣ ಕೇಳುವುದಿಲ್ಲ. ಅದಕ್ಕೆ ಪ್ರತಿಯಾಗಿ ನಾವಿರುವ ಸ್ಥಳ, ಪರಿಚಿತರ ದೂರವಾಣಿ ಸಂಖ್ಯೆಗಳು, ನಾವು ಹುಡುಕಿದ ಸಂಗತಿಗಳು ಇವನ್ನು ಪಡೆಯುತ್ತವೆ. ಇವೆಲ್ಲವನ್ನೂ ಕೂಡಿಸಿ ಯಾರಿಗೆ ಯಾವ ಜಾಹೀರಾತು ತೋರಿಸಬೇಕೆಂದು ಕಂಪನಿಗಳು ನಿರ್ಣಯಿಸಿ ವರಮಾನ ಗಳಿಸುತ್ತವೆ.

2021ರ ಜನವರಿಯಲ್ಲಿ ವಾಟ್ಸಾಪ್ ತನ್ನ ಕರಾರನ್ನು ಬದಲಿಸಿ, ಒಪ್ಪದವರು ಅದನ್ನು ಬಳಸಲಾಗದೆಂದು ತಿಳಿಸಿತು. ಬಂಧುಬಳಗವೆಲ್ಲ ಅದರಲ್ಲಿಯೇ ಇರುವಾಗ ಬಿಟ್ಟು ಹೋಗುವವರಾರು? ಜನರು ಆಕ್ಷೇಪಿಸಿದುದರಿಂದ ಗಡುವು ಮುಂದಕ್ಕೆ ಹೋಯಿತು. 2024ರ ನವೆಂಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು, ಹೀಗೆ ಒತ್ತಾಯಿಸಿದುದು ತಪ್ಪೆಂದು ಅದರ ಒಡೆತನದ ಮೆಟಾ ಕಂಪನಿಗೆ 213 ಕೋಟಿ 14 ಲಕ್ಷ ರೂಪಾಯಿಗಳ ದಂಡ ವಿಧಿಸಿತು. ಕಂಪನಿಯು ಮೇಲ್ಮನವಿ ಸಲ್ಲಿಸಿತು. ನಿರಾಕರಿಸಲು ದಾರಿಯಿಲ್ಲದ ಕಡೆ ಒಪ್ಪಿಗೆಗೆ ಅರ್ಥವಿಲ್ಲವೆಂಬುದು ಇದರಿಂದ ತಿಳಿಯತಕ್ಕ ಪಾಠ.

ನಮ್ಮ ವಿವರಗಳ ಮೇಲೆ ನಮಗೆ ಹಕ್ಕುಂಟೆಂಬುದನ್ನು ಸ್ಥಾಪಿಸಿದ ಮೊಕದ್ದಮೆಗೆ ಕನ್ನಡ ನಾಡಿನವರೇ ಕಾರಣರೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. 2017ರ ಆಗಸ್ಟ್ 24ರಂದು 9 ಮಂದಿ ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ತೀರ್ಪಿತ್ತರು.

ಅನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ ಸಂಸತ್ತು ಒಪ್ಪಿಗೆಯಿತ್ತಿತು. ಒಪ್ಪಿಗೆ ಕೇಳುವಾಗ ಅದರ ವಿವರವನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದುವ ಅವಕಾಶವಿರಬೇಕೆಂದು ಅದು ವಿಧಿಸುತ್ತದೆ. ಆ ಪಟ್ಟಿಯಲ್ಲಿ ಕನ್ನಡವೂ ಇದೆ, ತೆಲುಗೂ ಇದೆ. ಈ ಹಕ್ಕಿಗೆ ರಾಜ್ಯದ ಗಡಿಯಿಲ್ಲ. ಕಲ್ಯಾಣದುರ್ಗದ ಕನ್ನಡಿಗನಿಗೂ ಬೆಂಗಳೂರಿನವನಿಗೂ ಅದು ಒಂದೇ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. 18 ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಯರ ಅಥವಾ ಪೋಷಕರ ಒಪ್ಪಿಗೆ ಬೇಕು. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದುವು. ಒಪ್ಪಿಗೆಯ ವಿಧಿಗಳು ಜಾರಿಗೆ ಬರಲು 18 ತಿಂಗಳ ಅವಧಿ ಕೊಡಲಾಯಿತು.

ಆದರೆ ಕಾಯಿದೆಯಿದ್ದ ಮಾತ್ರಕ್ಕೆ ಎಚ್ಚರ ತಪ್ಪಬಾರದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು? ದೀಪ ಬೆಳಗಿಸುವ ಆಪ್ ಪರಿಚಿತರ ಪಟ್ಟಿಯನ್ನು ಕೇಳಿದರೆ, ಬೆಳಕಿಗೂ ಪಟ್ಟಿಗೂ ಏನು ಸಂಬಂಧವೆಂದು ಯೋಚಿಸಿ ನಿರಾಕರಿಸಬೇಕು. ಬ್ಯಾಂಕಿನಿಂದ ಬರುವ ಓಟಿಪಿಯನ್ನು ಯಾರು ಕೇಳಿದರೂ ಹೇಳಕೂಡದು. ಮೋಸಹೋದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು.

ವಿದ್ಯಾರ್ಥಿಗಳೇ, ಈ ಭಾನುವಾರ ತಂದೆತಾಯಿಯರ ಬಳಿ ಕುಳಿತು ಅವರ ಮೊಬೈಲಿನಲ್ಲಿ ಯಾವ ಆಪಿಗೆ ಯಾವ ಅನುಮತಿ ಕೊಟ್ಟಿದೆಯೆಂದು ಒಂದೊಂದಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳಿರಿ. ಪೋಷಕರೇ, ಅರ್ಥವಾಗದುದನ್ನು ಮಕ್ಕಳನ್ನು ಕೇಳಲು ಸಂಕೋಚಪಡಬೇಡಿರಿ. ಬೇಡವೆಂದು ತೋರಿದ ಅನುಮತಿಯನ್ನು ಆಗಲೇ ಹಿಂತೆಗೆಯಿರಿ. ಕಲಿತ ಅಕ್ಷರ ಹೆತ್ತವರಿಗೆ ಉಪಯೋಗವಾಗುವುದೆಂದರೆ ಇದೇ.