ಪಕ್ಷಮಾಸದಲ್ಲಿ ಟೂರು ಅಗ್ಗ, ಗಯಾ ಬಿಟ್ಟು

ಅಮ್ಮ ಮತ್ತು ಚಿಕ್ಕಮ್ಮನನ್ನು ಕಾಶಿಗೆ ಕಳಿಸಲೆಂದು ಜಯನಗರ ನಾಲ್ಕನೇ ಬ್ಲಾಕಿನ ಒಂದು ಟ್ರಾವೆಲ್ಸ್ ಆಫೀಸಿನಿಂದ ಕರಪತ್ರ ತಂದಿದ್ದೆ. ಎಡಗಡೆ ಹೊರಡುವ ತಾರೀಖುಗಳು, ಬಲಗಡೆ ತಲೆಗೆ ಇಷ್ಟು ಎಂಬ ರೇಟು. ದಸರಾ ರಜೆಯ ಬ್ಯಾಚಿನ ಮುಂದೆ ಮಾತ್ರ ಒಂದು ನಕ್ಷತ್ರ, ಕೆಳಗೆ ಸಣ್ಣಕ್ಷರದಲ್ಲಿ ‘ಸೀಸನ್ ದರ ಪ್ರತ್ಯೇಕ’. ಪ್ರತ್ಯೇಕವೆಂದರೆ ತಲೆಗೆ 9,000 ರೂಪಾಯಿ ಜಾಸ್ತಿ. ಅದೇ ಕಾಶಿ, ಗಯಾ, ಪ್ರಯಾಗ, ಅಯೋಧ್ಯೆ. ಅದೇ ಹೋಟೆಲು. ಇಲ್ಲಿಂದಲೇ ಜೊತೆಗೆ ಬರುವ ಅಡುಗೆಯವರ ಅದೇ ಸಾರು, ಪಲ್ಯ. ಇಬ್ಬರಿಗೆ 18,000 ಹೆಚ್ಚಿಗೆ ಕೊಟ್ಟರೆ ಹೆಚ್ಚಿಗೆ ಸಿಗುವುದು ನೂಕುನುಗ್ಗಲು ಮಾತ್ರ.

ಟ್ರಾವೆಲ್ಸ್‌ನವರು ದೋಚುತ್ತಾರೆ ಎಂದು ಬೈದು ಸುಮ್ಮನಾಗಬಹುದು. ಆದರೆ ಕೌಂಟರಿನಲ್ಲಿದ್ದವರು ಮುಚ್ಚುಮರೆ ಮಾಡಲಿಲ್ಲ. “ಅಡುಗೆಯವರು, ಗೈಡು, ಊಟದ ಸಾಮಾನು ಯಾವ ಬ್ಯಾಚಿಗಾದ್ರೂ ಒಂದೇ ಸಾರ್. ಏರೋದು ಫ್ಲೈಟು, ರೂಮು. ದಸರಾ ಅಂದ್ರೆ ಫ್ಲೈಟೇ ಎಲ್ಲಾ ತಿಂದ್ಬಿಡತ್ತೆ” ಎಂದರು.

ಅವರ ಮಾತು ನಿಜ. ವಿಮಾನದ ಸೀಟುಗಳನ್ನು ಒಂದೇ ದರಕ್ಕೆ ಮಾರುವುದಿಲ್ಲ. ಅಗ್ಗದ ದರಕ್ಕೆ ಒಂದಷ್ಟು, ಅದು ಮುಗಿದರೆ ಅದರ ಮೇಲಿನ ದರಕ್ಕೆ ಒಂದಷ್ಟು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹಂಚಿಟ್ಟಿರುತ್ತಾರೆ. ಟೂರಿನವರು ತಿಂಗಳುಗಳ ಮೊದಲೇ ಮುಂಗಡ ಕಟ್ಟಿ ಇಡೀ ಗುಂಪಿಗೆ ಸೀಟು ಹಿಡಿದಿಡುತ್ತಾರೆ. ಆದರೆ ಹೇಗಿದ್ದರೂ ತುಂಬುವ ದಿನಕ್ಕೆ ಗುಂಪಿಗೆಂದು ರಿಯಾಯಿತಿ ಕೊಡುವ ದರ್ದು ಏರ್‌ಲೈನ್ಸ್‌ಗೆ ಇರುವುದಿಲ್ಲ.

ರೂಮಿನ ಲೆಕ್ಕದಲ್ಲಿ ಗ್ರಾಹಕರ ಕಣ್ಣಿಗೆ ಬೀಳದ ಒಂದು ಏಟಿದೆ, ಅದು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ತೆರಿಗೆ ಶೇ 5. ಅದನ್ನು ದಾಟಿದರೆ ಶೇ 18. ನೋಡುವುದು ಆ ದಿನ ವಸೂಲು ಮಾಡಿದ ಬಾಡಿಗೆಯನ್ನು. ಸೀಸನ್ ಅಲ್ಲದಾಗ 6,000ಕ್ಕೆ ಸಿಗುವ ರೂಮು ತೆರಿಗೆ ಸೇರಿ 6,300. ಸೀಸನ್ನಿನಲ್ಲಿ ಅದೇ ರೂಮನ್ನು 9,000 ಮಾಡಿದರೆ ತೆರಿಗೆ ಸೇರಿ 10,620. ಹೋಟೆಲಿನವರು ಏರಿಸಿದ್ದು 3,000, ಜೇಬಿನಿಂದ ಹೋಗುವುದು 4,320. ಒಟ್ಟು ಬೆಲೆಯ ಮೇಲೆ ಶೇ 5 ಕಟ್ಟುವ ಟೂರಿನವರಿಗೆ ಹೋಟೆಲಿನ ತೆರಿಗೆ ವಾಪಸ್ ಸಿಗುವುದಿಲ್ಲ, ಅದೂ ನಮ್ಮ ತಲೆಗೇ. ಡಿಸೆಂಬರ್ 31ಕ್ಕೆ ಗೋವಾಕ್ಕೋ ಥಾಯ್ಲೆಂಡಿಗೋ ಹೋಗುವವರಿಗೆ ಇದರ ಮೇಲೆ ‘ಗಾಲಾ ಡಿನ್ನರ್’ ಎಂಬ ಕಡ್ಡಾಯದ ಬಾಬ್ತು ಬೇರೆ. ಒಂಬತ್ತಕ್ಕೆ ಉಂಡು ಮಲಗುವವರೂ ಅದನ್ನು ಕಟ್ಟಬೇಕು.

ಇಷ್ಟಾದ ಮೇಲೆ ನನಗನಿಸಿದ್ದು, ಪ್ಯಾಕೇಜಿನ ಬೆಲೆಯನ್ನು ಪಂಚಾಂಗ ಮತ್ತು ಶಾಲೆಯ ಡೈರಿ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು. ಆಷಾಢದಲ್ಲಿ ಮದುವೆಗಳಿಲ್ಲ, ಹೊಸ ಸೊಸೆ ತವರಲ್ಲಿರುತ್ತಾಳೆ, ಮಕ್ಕಳಿಗೆ ಶಾಲೆ, ಜೊತೆಗೆ ಮಳೆ. ಹನಿಮೂನ್ ಪ್ಯಾಕೇಜು ಇಳಿಯುವುದು ಆಗಲೇ. (ಕೊಡಗಿನ ಶನಿವಾರ, ಭಾನುವಾರಗಳಿಗೆ ಈ ಮಾತು ಅನ್ವಯಿಸದು. ಶುಕ್ರವಾರ ರಾತ್ರಿ ಬಿಟಿಎಂ ಲೇಔಟಿನ ಪಿಜಿಗಳಿಂದ ಹೊರಡುವವರಿಗೆ ಆಷಾಢ ಲೆಕ್ಕಕ್ಕಿಲ್ಲ.) ಪಕ್ಷಮಾಸದಲ್ಲಿ ನಮ್ಮವರು ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ, ಮೋಜಿನ ಪ್ರವಾಸವಂತೂ ದೂರವೇ. ಅದಕ್ಕೇ ಆ ಹದಿನೈದು ದಿನ ಬಹುತೇಕ ಊರುಗಳ ಪ್ಯಾಕೇಜು ಕೈಗೆಟುಕುತ್ತದೆ. ಗಯಾದಲ್ಲಿ ಮಾತ್ರ ಉಲ್ಟಾ. ಪಿಂಡ ಹಾಕಲು ದೇಶವೆಲ್ಲ ಅಲ್ಲಿ ಸೇರುವುದರಿಂದ ಒಂದು ರೂಮು ಸಿಕ್ಕರೆ ಪುಣ್ಯ. ಕಾಶಿಯಲ್ಲೂ ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಗೆ ಘಾಟಿನ ಬಳಿಯ ರೂಮುಗಳ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ.

ಇನ್ನೊಂದು ಸಂಗತಿ, ಹೋದ ವರ್ಷದ ತಾರೀಖು ಈ ವರ್ಷಕ್ಕೆ ಒಗ್ಗುವುದಿಲ್ಲ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೇ ಮುಗಿದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಸೇರಿದ್ದರಿಂದ ಅದು ಅಕ್ಟೋಬರ್ ಮೂರನೇ ವಾರಕ್ಕೆ, ದೀಪಾವಳಿ ನವೆಂಬರ್ 8ಕ್ಕೆ. ಅಕ್ಟೋಬರ್ ಎರಡನೇ ವಾರ ಅಗ್ಗವೆಂದು ಹಳೇ ನೆನಪಿನಲ್ಲಿ ಹೋದರೆ ನವರಾತ್ರಿಯ ರೇಟು ಎದುರಾಗುತ್ತದೆ.

ರೈಲಿನ ಕಥೆ ಬೇರೆ. ರಾಜಧಾನಿ, ಶತಾಬ್ದಿ, ದುರಂತೊಗಳಲ್ಲಿ 2016ರ ಸೆಪ್ಟೆಂಬರಿನಿಂದ ಸೀಟು ತುಂಬಿದಂತೆಲ್ಲ ದರ ಏರುತ್ತದೆ. ಮಾಮೂಲಿ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ದರ ಹಾಗೆ ಜಿಗಿಯುವುದಿಲ್ಲ. ಅಲ್ಲಿ ಕಷ್ಟವಿರುವುದು ಟಿಕೆಟ್ ಸಿಗುವುದರಲ್ಲಿ, ಅದೂ 60 ದಿನ ಮೊದಲಷ್ಟೇ ಬುಕಿಂಗ್. ಮುಜರಾಯಿ ಇಲಾಖೆಯ ಸಹಾಯಧನದ ಕಾಶಿ ದರ್ಶನ ರೈಲು 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಶುರುವಾದಾಗ 20,000 ರೂಪಾಯಿಯ ಪ್ಯಾಕೇಜಿನಲ್ಲಿ 5,000 ಸರ್ಕಾರದ್ದು, 15,000 ಯಾತ್ರಿಕರದ್ದು. ಇಡೀ ರೈಲೇ ಯಾತ್ರೆಗೆಂದು ಮೀಸಲಾದ್ದರಿಂದ ಅದರಲ್ಲಿ ಪಕ್ಕದ ಸೀಟಿನವರು ನಮಗಿಂತ ಕಡಿಮೆ ಕೊಟ್ಟರೇ ಎಂಬ ಹೊಟ್ಟೆಯುರಿಗೆ ಎಡೆಯಿಲ್ಲ.

ಅಗ್ಗದ ತಾರೀಖೆಲ್ಲ ಒಳ್ಳೆಯದೆಂದಲ್ಲ. ಜುಲೈ, ಆಗಸ್ಟಿನ ಚಾರ್‌ಧಾಮ್ ಅಗ್ಗ ಯಾಕೆಂದರೆ ಮಳೆಗೆ ಗುಡ್ಡ ಕುಸಿದು ರಸ್ತೆ ಕಟ್ಟಿಕೊಳ್ಳುತ್ತದೆ. ಸೀಸನ್ ಇಲ್ಲದ ಬ್ಯಾಚಿಗೆ ಜನ ಸಾಲದಿದ್ದರೆ ಬಸ್ಸಿನ ಬಾಡಿಗೆ ಗಿಟ್ಟುವುದಿಲ್ಲ, ಆಗ ಬ್ಯಾಚನ್ನೇ ರದ್ದು ಮಾಡುವುದು ಅಥವಾ ಮುಂದಿನದಕ್ಕೆ ಸೇರಿಸುವುದು ಉಂಟು.

ಅಮ್ಮನನ್ನು ಕೊನೆಗೆ ಕಳಿಸಿದ್ದು ಕಾರ್ತಿಕ ಹುಣ್ಣಿಮೆ ಕಳೆದ ಮೇಲಿನ ಬ್ಯಾಚಿನಲ್ಲಿ, ನಕ್ಷತ್ರವಿಲ್ಲದ ದರಕ್ಕೆ. ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಏಪ್ರಿಲ್, ಮೇ, ದಸರೆ ಬಿಟ್ಟರೆ ಗತ್ಯಂತರವಿಲ್ಲ. ಆದರೆ ಜೆ.ಪಿ. ನಗರದ ಪಾರ್ಕುಗಳಲ್ಲಿ, ಬನಶಂಕರಿಯ ಭಜನಾ ಮಂಡಳಿಗಳಲ್ಲಿ ಸಿಗುವ ಎಷ್ಟೋ ನಿವೃತ್ತರು ಯಾರ ರಜೆಯ ಹಂಗೂ ಇಲ್ಲದೆಯೇ ಅಭ್ಯಾಸಬಲದಿಂದ ಅದೇ ದಿನಗಳನ್ನು ಹಿಡಿಯುತ್ತಾರೆ, ಮೊಮ್ಮಕ್ಕಳಿಗಾಗಿ ಏರಿದ ದರವನ್ನು ತಾವು ತೆರುತ್ತಾರೆ. ಅಂಥವರಲ್ಲಿ ನನ್ನ ವಿನಂತಿ ಇಷ್ಟೇ. ಮುಂಗಡ ಕಟ್ಟುವ ಮುನ್ನ ಹಿಂದಿನ ಬ್ಯಾಚು ಎಷ್ಟಕ್ಕೆ, ಮುಂದಿನದು ಎಷ್ಟಕ್ಕೆ, ಈಗ ಹೆಸರು ಕೊಟ್ಟವರು ಎಷ್ಟು ಜನ, ಬ್ಯಾಚು ರದ್ದಾದರೆ ಹಣ ಯಾವಾಗ ವಾಪಸ್ ಎಂದು ಕೇಳಿ. ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ.